ಮೂರನೆಯ ಸುತ್ತಿನ ಹೊಳಪು

ಭೋಸರಿಯ ಕಾರ್ಖಾನೆಗಳಲ್ಲಿ ದುಡಿಯುವವರು ತಾವು ಏನು ಮಾಡುತ್ತೇವೆಂದು ಮನೆಯಲ್ಲಿ ಹೇಳುವುದು ಕಡಿಮೆ. ಬೋಲ್ಟ್ ಮಾಡುವವನೂ 'ಕಂಪನಿಗೆ ಹೋಗ್ತೀನಿ' ಅನ್ನುತ್ತಾನೆ, ಗೇರ್ ಮಾಡುವವನೂ ಅಷ್ಟೇ ಹೇಳಿ ಚಪ್ಪಲಿ ಮೆಟ್ಟುತ್ತಾನೆ. ನಾನು ಮಾತ್ರ ಕೇಳದವರಿಗೂ ಹೇಳುತ್ತಿದ್ದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತ ಮುದುಕ ಕಾಲೆಳೆದು ನಡೆದದ್ದು ಕಂಡರೆ ಸಾಕು, 'ಕಾಕಾ, ಒಳಗೆ ಗುಂಡು ಹಾಕಿಸಿದ್ದೀರಾ?' ಎಂದು ಮರಾಠಿಯಲ್ಲಿ ಶುರು ಮಾಡುತ್ತಿದ್ದೆ. ನನ್ನ ಹೆಂಡತಿ ನಾಚಿಕೆಯಿಂದ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ಕಲಿತದ್ದು ಒಂದೇ ಕೆಲಸ. ಸೊಂಟದ ಕೀಲಿನಲ್ಲಿ ಕೂರಿಸುವ ಉಕ್ಕಿನ ಗುಂಡಿಗೆ ಹೊಳಪು ಕೊಡುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದೆ.

ವಯಸ್ಸಾದವರು ಜಾರಿ ಬಿದ್ದರೆ ತೊಡೆಮೂಳೆಯ ಕುತ್ತಿಗೆ ಮುರಿಯುತ್ತದೆ. ಆ ಮೂಳೆಯ ತುದಿಯಲ್ಲಿ ಒಂದು ಗುಂಡು, ಅದು ಕೂರಲು ಸೊಂಟದಲ್ಲಿ ಒಂದು ಬಟ್ಟಲು. ಕುತ್ತಿಗೆ ಮುರಿದ ಮೇಲೆ ಗುಂಡಿಗೆ ರಕ್ತ ಹೋಗದೆ ಅದು ಒಣಗುತ್ತದೆ. ಆಗ ಅದನ್ನು ತೆಗೆದು ಉಕ್ಕಿನದನ್ನು ಹಾಕುತ್ತಾರೆ. ಬಟ್ಟಲನ್ನು ಮುಟ್ಟುವುದಿಲ್ಲ. ಅದಕ್ಕೇ ಇದು ಅರ್ಧ ಕೀಲು: ಅರ್ಧ ನಮ್ಮ ಕಂಪನಿಯದು, ಅರ್ಧ ಅವರು ಹುಟ್ಟುವಾಗ ತಂದದ್ದು.

ನಮ್ಮದು ಸಣ್ಣ ಕಾರ್ಖಾನೆ. ಮಾಲೀಕರು ವಯಸ್ಸಾದ ಇಂಜಿನಿಯರು. ಹೊಸದಾಗಿ ಸೇರಿದವನನ್ನು ಮೊದಲ ದಿನ ತಮ್ಮ ಕೋಣೆಗೆ ಕರೆದು ಈ ಗುಂಡಿನ ಪುರಾಣ ಹೇಳುವುದು ಅವರ ಪದ್ಧತಿಯಾಗಿತ್ತು. ಬಹಳ ಹಿಂದೆ ಯುರೋಪಿನಲ್ಲಿ ಆನೆದಂತದಿಂದ ಗುಂಡು ಕೆತ್ತಿ ಕೂರಿಸಿ ನೋಡಿದರಂತೆ. ಇನ್ನೊಬ್ಬ ಡಾಕ್ಟರು ಮೂಳೆಯ ಗುಂಡಿನ ಮೇಲೆ ಗಾಜಿನ ಟೋಪಿ ಹೊದಿಸಿದರು. ಅದು ಮನುಷ್ಯನ ಭಾರ ತಾಳದೆ ಒಳಗೇ ಒಡೆಯಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸಿನ ಇಬ್ಬರು ಡಾಕ್ಟರುಗಳು, ಅಣ್ಣತಮ್ಮಂದಿರು, ಪ್ಲಾಸ್ಟಿಕ್ಕಿನ ಗುಂಡು ಮಾಡಿದರು. ಮೊದಮೊದಲು ರೋಗಿಗಳು ಸಲೀಸಾಗಿ ನಡೆದು ಮನೆಗೆ ಹೋದರು. ಕೆಲವು ವರ್ಷಕ್ಕೆ ಗುಂಡು ಸವೆಯಿತು, ಸಡಿಲವಾಯಿತು, ಕೆಲವರದು ಮುರಿದೇ ಹೋಯಿತು. ಅಂಥ ಒಬ್ಬ ರೋಗಿ ಬಗ್ಗಿದಾಗಲೆಲ್ಲ ಕೀಲು ಕಿರುಗುಟ್ಟುತ್ತಿತ್ತಂತೆ, ಅವನ ಹೆಂಡತಿ ಆ ಸದ್ದು ತಾಳಲಾರದೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳಂತೆ. ಇಷ್ಟು ಹೇಳಿ ಮಾಲೀಕರು ತಾವೊಬ್ಬರೇ ನಗುತ್ತಿದ್ದರು. ಸಂಬಳ ಕೊಡುವವರು ಅವರೆಂದು ನಾವೂ ಸ್ವಲ್ಪ ಹಲ್ಲು ತೋರಿಸುತ್ತಿದ್ದೆವು.

ಲೋಹದ ಕಥೆ ಅಮೆರಿಕದ್ದು. ಅಲ್ಲಿ ಒಬ್ಬನ ತೊಡೆಮೂಳೆಯ ಮೇಲ್ಭಾಗವನ್ನು ಗಡ್ಡೆ ತಿಂದುಹಾಕಿತ್ತು. ಅವನೊಬ್ಬನಿಗಾಗಿ ಒಂದಡಿ ಉದ್ದದ ಲೋಹದ ಮೂಳೆ ಮಾಡಿ ಕೂರಿಸಿದರು. ಅಲ್ಲಿಂದ ಮುಂದೆ ಬೆಳೆದದ್ದು ನಾವು ಮಾಡುತ್ತಿದ್ದ ಗುಂಡು: ಕೆಳಗೆ ಕತ್ತಿಯಂಥ ಕಾಂಡ, ಅದನ್ನು ಮೂಳೆಯ ಪೊಳ್ಳಿಗೆ ಇಳಿಸುತ್ತಾರೆ. ಕಾಂಡದಲ್ಲಿ ಎರಡು ಕಿಟಕಿ, ಅವುಗಳ ಮೂಲಕ ರೋಗಿಯ ಮೂಳೆಯೇ ಬೆಳೆದು ಉಕ್ಕನ್ನು ಹಿಡಿದುಕೊಳ್ಳಲಿ ಎಂದು. ಮಾಲೀಕರ ಗಾಜಿನ ಕಪಾಟಿನಲ್ಲಿ ಹಳೆಯ ಡಾಕ್ಟರೊಬ್ಬರು ಕೊಟ್ಟಿದ್ದ ಪ್ಲಾಸ್ಟಿಕ್ ಗುಂಡೊಂದಿತ್ತು. ಯಾರದೋ ದೇಹದಿಂದ ತೆಗೆದದ್ದು, ಹಳದಿಗಟ್ಟಿ ಒಂದು ಪಕ್ಕ ಚಪ್ಪಟೆಯಾಗಿತ್ತು. ಅದನ್ನು ನನ್ನ ಅಂಗೈಯಲ್ಲಿಟ್ಟು ಅವರು ಕೇಳಿದರು: 'ಇದು ತಾನು ಸವೆಯಿತು. ಉಕ್ಕು ಸವೆಯುವುದಿಲ್ಲ. ಹಾಗಾದರೆ ಏನು ಸವೆಯುತ್ತದೆ?' ನಾನು ಗುಂಡನ್ನು ತಿರುಗಿಸಿ ನೋಡಿದೆ. 'ಬಟ್ಟಲು,' ಎಂದರು. 'ಗುಂಡು ಒರಟಾಗಿದ್ದರೆ ಅದು ರೋಗಿಯ ಬಟ್ಟಲನ್ನು ತಿನ್ನುತ್ತದೆ. ಅದಕ್ಕೇ ನಿನ್ನನ್ನು ಇಟ್ಟುಕೊಂಡಿರುವುದು.'

ಕೈಹಿಡಿದು ಕೆಲಸ ಕಲಿಸಿದವರು ಫೋರ್‌ಮನ್. ಸೊಲ್ಲಾಪುರ ಕಡೆಯವರು, ಮನೆಮಾತು ಕನ್ನಡ. ಇಡೀ ಕಾರ್ಖಾನೆ ಅವರನ್ನು ಮಾಮಾ ಅನ್ನುತ್ತಿತ್ತು. ಅವರ ಲೆಕ್ಕದಲ್ಲಿ ಗುಂಡಿಗೆ ಮೂರು ಸುತ್ತು. ಮೊದಲನೆಯದು ಗಟ್ಟಿ ಚಕ್ರದ ಮೇಲೆ, ಗೀರು ತೆಗೆಯಲು. ಎರಡನೆಯದು ಬಟ್ಟೆಯ ಚಕ್ರದ ಮೇಲೆ ಹೊಳಪಿನ ಹಸಿರು ಮಸಾಲೆ ಹಚ್ಚಿ. ಅಷ್ಟಕ್ಕೇ ಗುಂಡಿನಲ್ಲಿ ಮುಖ ಕಾಣುತ್ತದೆ, ಮೂಗು ಸ್ವಲ್ಪ ದೊಡ್ಡದಾಗಿ. ಮೂರನೆಯದು ಸಡಿಲ ಬಟ್ಟೆಯ ಚಕ್ರದ ಮೇಲೆ, ಅಡ್ಡಡ್ಡ ತಿರುಗಿಸುತ್ತ, ಭಾರ ಹಾಕದೆ. ಹೆಚ್ಚು ಹೊತ್ತು ಹಿಡಿಯುವುದು ಅದೇ. ಅದು ಮುಗಿದ ಮೇಲೂ ಗುಂಡು ನೋಡಲು ಮೊದಲಿನಂತೆಯೇ ಇರುತ್ತದೆ. ಕಣ್ಣಿಗೆ ಕಾಣದ ಕೆಲಸಕ್ಕೆ ಇಷ್ಟು ಹೊತ್ತೇಕೆ ಎಂದು ನಾನು ಸಿಡುಕಿದರೆ ಮಾಮಾ ಅನ್ನುತ್ತಿದ್ದರು:

"ಎರಡನೇ ಸುತ್ತು ನೋಡೋರಿಗಿ, ಮೂರನೇ ಸುತ್ತು ನಡೆಯೋರಿಗಿ. ಸುಮ್ಮ ಹಿಡಿ."

ಆಮೇಲೆ ಗುಂಡನ್ನು ತಮ್ಮ ಮುಂಗೈಯ ಒಳಮೈ ಮೇಲೆ ಹೊರಳಿಸಿ ಕಣ್ಣು ಮುಚ್ಚುತ್ತಿದ್ದರು. ಎರಡೇ ಸುತ್ತಿನದಾದರೆ ಅವರ ಚರ್ಮಕ್ಕೆ ಗೊತ್ತಾಗುತ್ತಿತ್ತು. ನಾನು ಹತ್ತು ಸಲ ಸಿಕ್ಕಿಬಿದ್ದಿದ್ದೇನೆ.

ಇನ್ನು ಅವ್ವನ ವಿಷಯ. ಅವಳ ಕಥೆಯಿಲ್ಲದಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವೇ ನನಗಿರಲಿಲ್ಲ.

ಗುಲ್ಬರ್ಗಾ ಸೀಮೆಯಿಂದ ಅಪ್ಪ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದಾಗ ಅವ್ವ ಹಿಂದೆಯೇ ಬಂದವಳು. ತಲೆಯ ಮೇಲೆ ಇಟ್ಟಿಗೆ ಹೊತ್ತು ಏಣಿ ಹತ್ತಿದವಳು. ಅವಳಿಗೆ ವರ್ಷದಲ್ಲಿ ಒಂದೇ ಒಂದು ದಿನ ತನ್ನದು. ಆಳಂದಿಯಿಂದ ಪಂಢರಪುರಕ್ಕೆ ಸಂತರ ಪಾದುಕೆ ಹೊತ್ತು ಹೊರಡುವ ಪಾಲಖಿ ಪುಣೆಯಲ್ಲಿ ತಂಗಿ ಸಾಸವಡಕ್ಕೆ ಹೋಗುವ ಆ ಏಕಾದಶಿಯ ದಿನ. ಬೆಳಕು ಹರಿಯುವ ಮುಂಚೆ ಮನೆ ಬಿಟ್ಟು, ಮಂದಿಯ ಜೊತೆ ಹಡಪಸರ ದಾಟಿ, ದಿವೆ ಘಾಟ್ ಹತ್ತಿ, ಸಂಜೆಗೆ ಸಾಸವಡ ಮುಟ್ಟುತ್ತಿದ್ದಳು. ಪಂಢರಪುರದ ತನಕ ಹೋಗುವಷ್ಟು ರಜೆ ಅವಳಿಗೆ ಕೂಲಿ ಮಾಡಿಸುವ ಯಾವ ಮುಕಾದಮನೂ ಕೊಡಲಿಲ್ಲ. ಹಾಗಾಗಿ ಅವಳ ಪಾಲಿಗೆ ಸಾಸವಡವೇ ಪಂಢರಪುರ. ಅಲ್ಲಿ ಊರ ಹೊರಗಿನ ಒಂದು ಬೇವಿನ ಮರದ ಕೆಳಗೆ ಅಪ್ಪ ಕಾದಿರುತ್ತಿದ್ದ. ಇಬ್ಬರೂ ಬಸ್ಸಿನಲ್ಲಿ ವಾಪಸು ಬರುತ್ತಿದ್ದರು. ಜಗಳವಾಡದೆ ಅವರಿಬ್ಬರೂ ಮನೆಗೆ ಬರುತ್ತಿದ್ದದ್ದು ವರ್ಷದಲ್ಲಿ ಅದೊಂದೇ ದಿನ ಎಂದು ನನಗೆ ನೆನಪು.

ಅಪ್ಪ ತೀರಿಕೊಂಡ ಮೇಲೆ ಬಂದ ಮೊದಲ ಪಾಲಖಿಗೆ ಅವ್ವ ಹಿಂದಿನ ದಿನ ನನ್ನನ್ನು ಕೇಳಿದಳು.

"ತಮ್ಮಾ, ಸಾಸವಡಕ್ಕ ನನ್ನ ಕರಿಲಾಕ ಬರ್ತೀಯೇನು? ಹ್ವಾದ್ ವರ್ಷ ನಿಮ್ಮಪ್ಪ ಇದ್ದ."

ತೊಂಬತ್ತರ ದಶಕದ ನಡುವಿನ ಮಾತು ಇದು. ಬರುತ್ತೇನೆ ಎಂದೆ. ಆದರೆ ಪಾಲಖಿಯ ವಾರವೆಂದರೆ ನಮ್ಮ ಕಾರ್ಖಾನೆ ಅರ್ಧ ಖಾಲಿ. ಮಾಮಾ ತಮ್ಮ ಊರಿನವರ ಭಜನೆಯ ದಿಂಡಿಯ ಜೊತೆ ಪಂಢರಪುರಕ್ಕೆ ನಡೆಯಲು ಹೋಗಿದ್ದರು. ಹೊಳಪಿನ ಚಕ್ರಕ್ಕೆ ನಾನೊಬ್ಬನೇ, ಒಂದು ಇಡೀ ಟ್ರೇ ಗುಂಡುಗಳು ಅಂದೇ ಹೋಗಬೇಕಿತ್ತು. ಮಧ್ಯಾಹ್ನ ಗಡಿಯಾರ ನೋಡಿದೆ. ಮೂರನೆಯ ಸುತ್ತು ಹಿಡಿದು ಕೂತರೆ ಅವ್ವ ಕತ್ತಲಲ್ಲಿ ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ. ಮುಂಗೈ ಮೇಲೆ ಹೊರಳಿಸಿ ನೋಡುವವರು ಊರಲ್ಲಿಲ್ಲ. ಎರಡು ಸುತ್ತಿಗೇ ಮುಗಿಸಿದೆ, ಸೀಮೆಎಣ್ಣೆಯಲ್ಲಿ ತೊಳೆದೆ, ಆಮೇಲೆ ಪ್ರತಿ ಪೊಟ್ಟಣಕ್ಕೂ ಅಚ್ಚಾಗುವ ಲಾಟ್ ನಂಬರನ್ನು ಟ್ರೇ ಮೇಲೆ ಚಾಕ್‌ನಿಂದ ನಾನೇ ಬರೆದೆ. ಗುಂಡುಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ಮಾಲೀಕರು ನೋಡಿ 'ಶಾಬ್ಬಾಸ್' ಎಂದರು.

ಬಸ್ಸು ಹಿಡಿದು ಸಾಸವಡ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಬೇವಿನ ಮರದ ಕೆಳಗೆ ಕಾಲು ಚಾಚಿ ಕೂತಿದ್ದಳು. ಮೊಣಕಾಲ ತನಕ ಕೆಸರು, ಸೀರೆ ಮಳೆಗೆ ನೆಂದು ಮೈಮೇಲೇ ಒಣಗಿತ್ತು. ನನಗಾಗಿ ಎರಡು ರಾಜಗಿರಿ ಉಂಡೆ ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದಳು. ಘಾಟಿನ ತುದಿಯಲ್ಲಿ ನಿಂತು ತಿರುಗಿ ನೋಡಿದರೆ ಕೆಳಗಿನ ರಸ್ತೆ ಪೂರಾ ಜನ, ರಸ್ತೆಯೇ ನಡೆದು ಬಂದಂಗ ಕಾಣ್ತದ ಎಂದಳು. ಮಳೆ ಘಾಟಿನ ಮೇಲೆ ಬಂತಂತೆ, ಕೆಳಗೆ ಒಂದು ಹನಿಯೂ ಇಲ್ಲವಂತೆ. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆಹೋದಳು. ಆ ಸಂಜೆಗಾಗಿ ನಾನು ಏನು ಬೇಕಾದರೂ ಕೊಟ್ಟೇನು, ಈಗಲೂ.

ದಸರೆಯ ಹೊತ್ತಿಗೆ ಅವ್ವ ನಮ್ಮ ಚಾಳಿನ ವಠಾರದ ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಎಡಗಾಲು ಹೊರಕ್ಕೆ ಹೊರಳಿ ಗಿಡ್ಡವಾದದ್ದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಆಸ್ಪತ್ರೆಯ ಡಾಕ್ಟರು ಎಕ್ಸ್-ರೇ ತೋರಿಸಿ ಮರಾಠಿಯಲ್ಲಿ ವಿವರಿಸಲು ಹೊರಟರೆ ನಾನೇ ಅವರಿಗೆ ವಿವರಿಸಿದೆ! ಗುಂಡು ತೆಗೆಯುತ್ತೀರಿ, ಅಳೆಯುತ್ತೀರಿ, ಅದೇ ಅಳತೆಯ ಉಕ್ಕಿನದು ಹಾಕುತ್ತೀರಿ, ನಾನು ಮಾಡುವುದೇ ಅದು ಸಾಹೇಬ್ರೇ. ಡಾಕ್ಟರು ನಕ್ಕರು. ಅಂಥ ಹೊತ್ತಿನಲ್ಲೂ ನನಗೆ ಜಂಭ.

ಆಪರೇಷನ್ನಿಗೆ ಎಲ್ಲ ಅಳತೆಯ ಗುಂಡುಗಳ ಪೆಟ್ಟಿಗೆ ಬರುತ್ತದೆ. ಯಾವುದು ಸರಿಹೊಂದುತ್ತದೋ ಅದು ಒಳಗೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಸಿಸ್ಟರ್ ಹೊರಬಂದು ಖಾಲಿ ಪೊಟ್ಟಣ ಕೊಟ್ಟು, ಕಾಗದಪತ್ರದ ಜೊತೆ ಇಟ್ಟುಕೊಳ್ಳಿ ಎಂದರು. ಪೊಟ್ಟಣ ನಮ್ಮ ಕಂಪನಿಯದು. ಮೂಲೆಯಲ್ಲಿ ಲಾಟ್ ನಂಬರು. ಪಾಲಖಿಯ ದಿನ ನಾನು ಚಾಕ್‌ನಿಂದ ಬರೆದ ನಂಬರು.

ಅಲ್ಲಿಯೇ ಬೆಂಚಿನ ಮೇಲೆ ಕೂತುಬಿಟ್ಟೆ. ಪುಣೆಯಂಥ ಊರಲ್ಲಿ, ಅಷ್ಟು ಟ್ರೇಗಳಲ್ಲಿ, ಅದೇ ಟ್ರೇಯಿಂದ ಒಂದು ಗುಂಡು ಅವ್ವನ ತೊಡೆಗೆ ಬಂದು ಕೂತಿತ್ತು. ಮುಖ ಕಾಣುವಷ್ಟು ಹೊಳಪಿನದು. ಅವ್ವನಿಗೆ ಎಚ್ಚರವಾದಾಗ ಮೊದಲು ಕೇಳಿದ್ದೇ "ನಿಮ್ಮ ಕಂಪನಿದೇನೋ?" ಅಂತ. "ಇಲ್ಲವ್ವ, ಬ್ಯಾರೆ ಕಂಪನಿದು" ಎಂದೆ. ಅದು ಮೊದಲನೆಯ ಸುಳ್ಳು.

ನೆಲದ ಮೇಲೆ ಕೂರಬಾರದು, ಚಕ್ಕಂಬಕ್ಕಳ ಹಾಕಬಾರದು, ಕುಕ್ಕರಗಾಲಲ್ಲಿ ಕೂರಲೇಬಾರದು ಎಂದರು. ಅವ್ವ ಅದನ್ನೆಲ್ಲ ನಗುತ್ತಲೇ ಒಪ್ಪಿಕೊಂಡಳು. ಕುರ್ಚಿಯಲ್ಲಿ ಕೂತು ಊಟ ಮಾಡುವಾಗ ತನ್ನನ್ನು ತಾನೇ "ಮೇಡಂ" ಎಂದು ಕರೆದುಕೊಳ್ಳುತ್ತಿದ್ದಳು. ನಿಂತುಕೊಂಡೇ ರೊಟ್ಟಿ ಬಡಿಯಲು ಕಲಿತಳು. ಅವಳಿಗೆ ಬೇಕಾಗಿದ್ದದ್ದು ಬೇರೆ.

ವರ್ಷದ ತಪಾಸಣೆಗೆ ಹೋದಾಗ ಡಾಕ್ಟರು ಎಕ್ಸ್-ರೇ ತೋರಿಸಲು ನನ್ನೊಬ್ಬನನ್ನೇ ಒಳಗೆ ಕರೆದರು. ಅವ್ವ ಹೊರಗೆ ಬೆಂಚಿನ ಮೇಲೆ ಕೂತು, "ಸಾಸವಡದ್ದು ಕೇಳು, ಮರೀಬ್ಯಾಡ" ಅಂದಳು. ಕೇಳಿದೆ. ಡಾಕ್ಟರು, 'ನಿಧಾನವಾಗಿ ಹೋಗಲಿ. ಕೋಲಿರಲಿ, ಅಲ್ಲಲ್ಲಿ ಕೂತು ಹೋಗಲಿ. ಸುಸ್ತಾದರೆ ಟೆಂಪೋ ಹತ್ತಿಸು. ನಡೆಯಲಿಕ್ಕೇ ಅಲ್ಲವೇ ಹಾಕಿದ್ದು?' ಎಂದರು.

ಬಾಗಿಲು ದಾಟಿ ಹೊರಗೆ ಬಂದೆ. ಅವ್ವ ಕೋಲಿನ ಹಿಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನಗೆ ಕಂಡದ್ದು ದಿವೆ ಘಾಟಿನ ಏರು. ಪ್ರತಿ ಹೆಜ್ಜೆಗೂ ಮೂರನೆಯ ಸುತ್ತಿಲ್ಲದ ಆ ಗುಂಡು ಅವಳ ಬಟ್ಟಲನ್ನು ತಿನ್ನುತ್ತ ಹೋಗುತ್ತಿತ್ತು.

"ಏನಂದ್ರು?"

"ಬ್ಯಾಡಂದ್ರವ್ವ. ಅಂಗಡಿ ತನಕ ಸಾಕಂತ."

"ದೊಡ್ಡ ಡಾಕ್ಟರಂದ್ರ ಮುಗೀತು ಬಿಡು," ಎಂದು ಅವ್ವ ಕೋಲೂರಿ ಎದ್ದಳು. ನನ್ನ ಮೇಲೆ ಅವಳಿಗೆ ಸಂಶಯ ಬಂದಿದ್ದರೆ ಚೆನ್ನಾಗಿತ್ತು.

ಆಮೇಲೆ ನನ್ನ ಕಿವಿಗೆ ಒಂದು ರೋಗ ಹತ್ತಿಕೊಂಡಿತು. ಮನೆಯಲ್ಲಿದ್ದಷ್ಟು ಹೊತ್ತು ಅವ್ವನ ಹೆಜ್ಜೆ ಕೇಳುವುದು. ಬಲಗಾಲಿನ ಸದ್ದು, ಕೋಲಿನ ಸದ್ದು, ಎಡಗಾಲಿನ ಸದ್ದು. ಎಲ್ಲಾದರೂ ತಡೆದರೆ, ಎಳೆದರೆ, ಊಟದ ನಡುವೆಯೂ ಎದ್ದು ಹೋಗಿ ನೋಡುತ್ತಿದ್ದೆ. ಕಿರುಗುಟ್ಟುವ ಕೀಲಿನ ಆ ಕಥೆ ಮಾಲೀಕರು ಹೊಸಬರಿಗೆ ಹೇಳುವಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕೆಲಸದಲ್ಲಿ ಪ್ರತಿ ಗುಂಡಿಗೂ ನಾಲ್ಕು ಸುತ್ತು ಹಿಡಿಯತೊಡಗಿದೆ. ಮಾಮಾ ಒಂದು ದಿನ ನಿಂತು ನೋಡಿದರು, ಏನೂ ಕೇಳದೆ ಮುಂದೆ ಹೋದರು. ಅವರು ಕೇಳಿದ್ದರೆ ಹೇಳಿಬಿಡುತ್ತಿದ್ದೆ.

ಪಾಲಖಿ ಬಂದಾಗಲೆಲ್ಲ ಅವ್ವನಿಗೆ ರಸ್ತೆಯ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಡುತ್ತಿದ್ದೆ. ಅವಳು ಹೋಗುವವರ ಕಾಲುಗಳನ್ನೇ ನೋಡುತ್ತ ಕೂರುತ್ತಿದ್ದಳು. ನೆರೆಮನೆಯ ಹೆಂಗಸರು ಸಾಸವಡದಿಂದ ವಾಪಸು ಬಂದರೆ ಮರುದಿನ ಬೆಳಿಗ್ಗೆಯೇ ಅವರ ಬಾಗಿಲಲ್ಲಿ ಹಾಜರು. ಅವಳ ಪ್ರಶ್ನೆ ಪ್ರತಿ ವರ್ಷ ಅದೇ: "ಘಾಟಿನ ಮ್ಯಾಲ ಮಳಿ ಬಂತೇನವ್ವ?" ಬಂತು ಅಂದರೆ ಇಡೀ ದಿನ ಖುಷಿ. ಒಮ್ಮೆ ಸಮಾಧಾನವಾಗಲೆಂದು ಬಸ್ಸಿನಲ್ಲಿ ಸಾಸವಡಕ್ಕೆ ಕರೆದುಕೊಂಡು ಹೋದೆ. ಹೊಲಗಳಿದ್ದ ಮಗರಪಟ್ಟಾದಲ್ಲಿ ಆಗ ದೊಡ್ಡ ದೊಡ್ಡ ಕಟ್ಟಡಗಳು ಏಳುತ್ತಿದ್ದವು. ಅವ್ವ ಕಿಟಕಿಯಿಂದ ಅವನ್ನೂ ನೋಡಲಿಲ್ಲ, ಘಾಟನ್ನೂ ನೋಡಲಿಲ್ಲ. ಬೇವಿನ ಮರದ ಹತ್ತಿರ ಇಳಿಸಿದರೆ ನೆರಳಿಗೂ ಹೋಗದೆ ನಿಂತಳು.

"ಕುಂತು ಬಂದ್ರ ಇದು ಸಾಸವಡ ಅನ್ಸೂದಿಲ್ಲ ತಮ್ಮಾ. ನಡಿ, ಮನಿಗಿ ಹೋಗಮು."

ಹೀಗೆ ವರ್ಷಗಳು ಹೋದವು. ಅವಳಿಗೆ ಉಬ್ಬಸ ಶುರುವಾಯಿತು, ಪಾದ ಬಾತವು. ಹೃದಯದ ಡಾಕ್ಟರು ಮೆಟ್ಟಿಲು ಹತ್ತಬೇಡಿ, ಹೆಚ್ಚು ನಡೆಯಬೇಡಿ ಎಂದರು. ಈ ಸಲ ಡಾಕ್ಟರು ನಿಜವಾಗಿಯೂ ಹೇಳಿದ್ದರು. ಅದಾದ ಕೆಲವು ತಿಂಗಳಿಗೆ ಬಚ್ಚಲಲ್ಲಿ ಜಾರಿ ಕೂತಳು. ಗಾಬರಿಯಾಗಿ ಹಳೆಯ ಮೂಳೆ ಡಾಕ್ಟರ ಹತ್ತಿರವೇ ಕರೆದೊಯ್ದೆ. ಅವರಿಗೂ ತಲೆ ಬೆಳ್ಳಗಾಗಿತ್ತು. ಅವ್ವ ಗಾಲಿಕುರ್ಚಿಯಲ್ಲಿ ನನ್ನ ಪಕ್ಕವೇ ಇದ್ದಳು. ಡಾಕ್ಟರು ಎಕ್ಸ್-ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹಳೆಯ ಫಿಲ್ಮನ್ನು ಅದರ ಪಕ್ಕಕ್ಕೆ ಹಿಡಿದು, ನನ್ನನ್ನು ಹತ್ತಿರ ಕರೆದರು.

'ಇಲ್ಲಿ ನೋಡು. ಗುಂಡಿಗೂ ಬಟ್ಟಲಿಗೂ ನಡುವಿನ ಈ ಸಂದು. ಅಂದು ಎಷ್ಟಿತ್ತೋ ಇಂದೂ ಅಷ್ಟೇ ಇದೆ. ಬಟ್ಟಲು ಸವೆದೇ ಇಲ್ಲ.' ಅವರು ಅವ್ವನ ಕಡೆ ತಿರುಗಿ ಮರಾಠಿಯಲ್ಲಿ ಜೋರಾಗಿ ಕೇಳಿದರು: 'ಏನು ಆಜೀ, ನಡೆದು ಸಾಸವಡದ ವಾರಿ ಎಷ್ಟು ಸಲ ಮಾಡಿದಿರಿ? ಆಗಲೇ ನಿಮ್ಮ ಮಗನಿಗೆ ಹೇಳಿದ್ದೆನಲ್ಲ, ನಿಧಾನವಾಗಿ ನಡೆಯಲಿ ಅಂತ.'

ಅವ್ವನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವಳು ಡಾಕ್ಟರಿಗೆ ಕೈ ಮುಗಿದಳು. ನನ್ನ ಕಡೆ ನೋಡಲಿಲ್ಲ. ರಿಕ್ಷಾದಲ್ಲಿ ಭೋಸರಿಯ ತನಕ ಹೊರಗಿನ ರಸ್ತೆಯನ್ನೇ ನೋಡುತ್ತ ಬಂದಳು. ಮನೆಗೆ ಬಂದು ಕುರ್ಚಿಯಲ್ಲಿ ಕೂರಿಸಿದ ಮೇಲೆ ನನ್ನ ಹೆಂಡತಿ ನೀರು ತಂದುಕೊಟ್ಟಳು. ಅವ್ವ ಕುಡಿದು, ಲೋಟ ಕೆಳಗಿಟ್ಟು, "ಹನ್ನೊಂದ್ ಪಾಲಖಿ ಹೋದ್ವು ತಮ್ಮಾ," ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಅವಳ ಕಾಲ ಬುಡದಲ್ಲಿ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಟ್ರೇ, ಗಡಿಯಾರ, ಎರಡೇ ಸುತ್ತು, ಪೊಟ್ಟಣದ ಮೇಲಿನ ನಂಬರು. ಐವತ್ತರ ಹತ್ತಿರದ ಗಂಡಸು ಹಾಗೆ ಅತ್ತದ್ದನ್ನು ಕಂಡು ನನ್ನ ಹೆಂಡತಿ ಒಳಗೆ ಹೋದಳು. ಅವ್ವ ಎಲ್ಲ ಕೇಳಿ ತನ್ನ ಎಡದೊಡೆಯ ಮೇಲೆ ಅಂಗೈ ಇಟ್ಟುಕೊಂಡಳು.

"ಸಾಸವಡಕ್ಕ ನನ್ನ ಕರಿಲಾಕ ಬಂದಿದ್ದೆಲ್ಲ, ಆ ದಿನಾ ಮಾಡಿದ್ದೇನು ಇದು?"

"ಹೂಂ."

"ಹುಚ್ಚಪ್ಪ. ಆವಾಗೇ ಹೇಳಬಾರದೇನು? ನೀ ಮಾಡಿದ್ದು ನನ್ನ ಕಾಲಾಗ ಅದ ಅಂತ ಗೊತ್ತಿದ್ರ, ಅದನ್ನ ಸಾಸವಡ ತನಕ ನಡಿಸ್ಕೊಂಡು ಹೋಗಿ ಬರ್ತಿದ್ದೆ. ಸವದ್ರ ಸವೀತಿತ್ತು."

ಆ ವರ್ಷದ ಪಾಲಖಿಗೆ ಅವ್ವ ಕುರ್ಚಿ ಬೇಡವೆಂದಳು. ನಮ್ಮ ಬಾಗಿಲಿನಿಂದ ರಸ್ತೆಯ ತನಕ ಕೋಲೂರಿ, ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡು, ತಾನೇ ನಡೆದಳು. ಕಟ್ಟಿಕೊಳ್ಳಲು ನನಗೆ ಸೆರಗಿಲ್ಲವೆಂದು ಅಂಗಿಯ ಜೇಬಿನಲ್ಲಿ ಎರಡು ರಾಜಗಿರಿ ಉಂಡೆ ತುರುಕಿ, "ಈಗ ನೀ ಹೋಗು. ಬಂದು ನನಗ ಹೇಳು," ಎಂದಳು. ನಾನು ಜೀವಮಾನದಲ್ಲಿ ಮೊದಲ ಸಲ ಪುಣೆಯಿಂದ ಸಾಸವಡಕ್ಕೆ ನಡೆದೆ. ಹಡಪಸರ ದಾಟುವಷ್ಟರಲ್ಲೇ ಪಾದದಲ್ಲಿ ಬೊಬ್ಬೆ ಎದ್ದಿದ್ದವು. ಘಾಟಿನ ತುದಿಯಲ್ಲಿ ತಿರುಗಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು, ರಸ್ತೆಯೇ ನಡೆದು ಬರುತ್ತಿತ್ತು. ಸಾಸವಡದಲ್ಲಿ ಬೇವಿನ ಮರದ ಕೆಳಗೆ ಯಾರ ಯಾರೋ ಕೂತಿದ್ದರು.

ಮನೆಗೆ ಬಂದಾಗ ಅವ್ವ ಮಲಗದೆ ಕಾದಿದ್ದಳು. "ಘಾಟಿನ ಮ್ಯಾಲ ಮಳಿ ಬಂತೇನು?" ಎಂದು ಕೇಳಿದಳು. ಬಂತವ್ವ, ಘಾಟಿನ ಮೇಲೆ ಮಾತ್ರ ಬಂತು, ಕೆಳಗೆ ಒಂದು ಹನಿಯೂ ಇರಲಿಲ್ಲ ಎಂದೆ. ಅದು ನಿಜವೂ ಆಗಿತ್ತು.

ದೀಪಾವಳಿಯ ಮುಂಚೆ ಅವ್ವ ಹೋದಳು. ಅಸ್ಥಿ ಆರಿಸಲು ಹೋದಾಗ ಬೂದಿಯಲ್ಲಿ ಗುಂಡು ಸಿಕ್ಕಿತು. ಬೆಂಕಿಗೆ ಕಪ್ಪಾಗಿ ಹೊಳಪೆಲ್ಲ ಹೋಗಿತ್ತು. ಮುಂಗೈಯ ಒಳಮೈ ಮೇಲೆ ಹೊರಳಿಸಿ ಕಣ್ಣು ಮುಚ್ಚಿದೆ, ಇನ್ನೂ ಬಿಸಿಯಿತ್ತು. ಅದನ್ನು ನದಿಗೆ ಬಿಡಲಿಲ್ಲ. ಪ್ರತಿ ವರ್ಷ ಏಕಾದಶಿಗೆ ಚೀಲದಲ್ಲಿ ಹಾಕಿಕೊಂಡು ಸಾಸವಡದ ತನಕ ನಡೆಯುತ್ತೇನೆ. ಕೆಲವು ವರ್ಷ ಘಾಟಿನ ಮೇಲೆ ಮಳೆ ಬರುತ್ತದೆ, ಕೆಲವು ವರ್ಷ ಬರುವುದಿಲ್ಲ. ಸಂಜೆ ಬಸ್ಸಿನಲ್ಲಿ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅವ್ವನ ಕುರ್ಚಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮಳೆ ಬಂತೇನು ಎಂದು ಯಾರೂ ಕೇಳುವುದಿಲ್ಲ.